ಬೀಟಾ ಆವೃತ್ತಿಯನ್ನು ಯಾರು ಬಳಸಬೇಕು?

ಗಣಕಯಂತ್ರದ ಅಂಗಾಂಗಗಳನ್ನೆಲ್ಲ ಹೊಂದಿಸಿ ದುಡಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅದರ ಹೊಸ ಆವೃತ್ತಿಯನ್ನು ಬಿಡುಗಡೆಗೆ ಮುನ್ನವೇ ಪರೀಕ್ಷೆಗಾಗಿ ಆಸಕ್ತರಿಗೆ ಕೊಡುವುದುಂಟು. ಇದೇ ಬೀಟಾ ಆವೃತ್ತಿ. ಇದನ್ನು ವಿದ್ಯಾರ್ಥಿಗಳು ಬಳಸಬಹುದೆ? ಉತ್ತರ ಹೇಳುವ ಮೊದಲು, ಇಂಥ ಪರೀಕ್ಷೆ ಏಕೆ ಬೇಕೆಂಬುದನ್ನು ವಿಚಾರಿಸೋಣ.

10,000 ಯಂತ್ರಗಳಿಗೆ ಒಂದರಂತೆ ತಲೆದೋರುವ ದೋಷವೊಂದಿದೆಯೆಂದು ಭಾವಿಸಿರಿ. ತಯಾರಕರು 100 ಯಂತ್ರಗಳಲ್ಲಿ ಪರೀಕ್ಷಿಸಿದರೆ ಅದು ಕಾಣಸಿಗುವ ಸಂಭವ ಸುಮಾರು ಶೇಕಡಾ 1 ಮಾತ್ರ. 10,000 ಯಂತ್ರಗಳಲ್ಲಿ ಪರೀಕ್ಷಿಸಿದರೂ ಅದು ಕಣ್ತಪ್ಪುವ ಸಂಭವ ಸುಮಾರು ಶೇಕಡಾ 37ರಷ್ಟು ಉಳಿಯುತ್ತದೆ. 30,000 ಯಂತ್ರಗಳಾದರೆ ಅದು ಶೇಕಡಾ 5ಕ್ಕೆ ಇಳಿಯುತ್ತದೆ. ಆದುದರಿಂದಲೇ ಬಹುಜನರ ನೆರವು ಅವಶ್ಯಕ.

ಆದರೆ ದೋಷವು ಕಂಡರಷ್ಟೇ ಸಾಲದು. ಕಂಡವರ ಮಾತು ತಯಾರಕರಿಗೆ ತಲುಪಬೇಕು. 2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ರ 1809ನೆಯ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅದನ್ನು ಅಳವಡಿಸಿಕೊಂಡ ಕೆಲವರ ಕಡತಗಳು ಅಳಿಸಿಹೋದವು. ಕೆಲವೇ ದಿನಗಳಲ್ಲಿ ವಿತರಣೆ ನಿಂತಿತು; ತಿದ್ದಿದ ಆವೃತ್ತಿ ಹೊರಬಂದದ್ದು ನವೆಂಬರ್ 13ರಂದು. ಸೋಜಿಗವೆಂದರೆ, ಕೆಲವು ಪರೀಕ್ಷಕರು ಈ ನಷ್ಟವನ್ನು ಮುಂಚೆಯೇ ವರದಿ ಮಾಡಿದ್ದರು. ಹಾಗೆ ತಿಳಿಸಿದವರು ವಿರಳರಾದ್ದರಿಂದ ವರದಿಗಳ ರಾಶಿಯಲ್ಲಿ ಅದು ಮುಚ್ಚಿಹೋಗಿತ್ತು. ತರುವಾಯ ಸಂಸ್ಥೆಯು ದೋಷದ ತೀವ್ರತೆಯನ್ನೂ ಸೂಚಿಸಲು ಪರೀಕ್ಷಕರಿಗೆ ಅವಕಾಶ ಕಲ್ಪಿಸಿತು.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಅಪಾಯವನ್ನು ಅಳೆಯಲು ದೋಷದ ಸಂಭವವೊಂದೇ ಸಾಲದು. ಅದನ್ನು ಆಗಬಹುದಾದ ನಷ್ಟದಿಂದ ಗುಣಿಸಬೇಕು. ಇಬ್ಬರು ವಿದ್ಯಾರ್ಥಿನಿಯರು ಒಂದೇ ಬೀಟಾ ಆವೃತ್ತಿಯನ್ನು ಅಳವಡಿಸಿದರೆಂದುಕೊಳ್ಳಿರಿ. ಒಬ್ಬಳಿಗೆ ಇರುವುದು ಒಂದೇ ಲ್ಯಾಪ್‌ಟಾಪ್. ಮುಂದಿನ ವಾರ ಒಪ್ಪಿಸಬೇಕಾದ ಪ್ರಬಂಧದ ಏಕೈಕ ಪ್ರತಿ ಅದರಲ್ಲಿದೆ. ಇನ್ನೊಬ್ಬಳದು ಬಳಕೆಯಲ್ಲಿಲ್ಲದ ಹಳೆಯ ಯಂತ್ರ. ಕಡತಗಳ ನಕಲು ಬೇರೆಡೆ ಭದ್ರವಾಗಿದೆ. ಸಂಭವ ಇಬ್ಬರಿಗೂ ಸಮಾನ. ಅಪಾಯ ಮಾತ್ರ ಅಜಗಜಾಂತರ.

ಹಿಂದಿರುಗುವ ದಾರಿಯನ್ನೂ ಮೊದಲೇ ನೋಡಿಕೊಳ್ಳಬೇಕು. ಆಂಡ್ರಾಯ್ಡ್ ಬೀಟಾ ಆವೃತ್ತಿಯಿಂದ ಹಳೆಯ ಸ್ಥಿರ ಆವೃತ್ತಿಗೆ ಮರಳುವಾಗ ಫೋನಿನಲ್ಲಿರುವುದೆಲ್ಲವೂ ಅಳಿಸಿಹೋಗುತ್ತದೆ.

ಹೀಗಾಗಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಈ ಯಂತ್ರ ನಾಳೆ ನಿಂತುಹೋದರೆ ನನ್ನ ಕೆಲಸ ನಡೆದೀತೆ? ಕಡತಗಳ ನಕಲು ಬೇರೆಡೆ ಇದೆಯೆ? ಕಂಡ ದೋಷವನ್ನು ವಿವರವಾಗಿ ಬರೆದು ತಿಳಿಸುವ ತಾಳ್ಮೆ ನನಗಿದೆಯೆ? ಮೂರಕ್ಕೂ ಹೌದೆಂಬ ಉತ್ತರ ದೊರೆತರೆ ಧಾರಾಳವಾಗಿ ಮುಂದುವರಿಯಬಹುದು. ಮೊದಲೆರಡಕ್ಕೆ ಇಲ್ಲವೆಂದಾದರೆ ಬಿಡುಗಡೆಯವರೆಗೆ ಕಾಯುವುದೇ ವಿವೇಕ. ಮೂರನೆಯದಕ್ಕೆ ಮಾತ್ರ ಇಲ್ಲವೆನ್ನುವವರು ಅಪಾಯವನ್ನು ಹೊರುವರೇ ಹೊರತು ಪ್ರಯೋಗದಲ್ಲಿ ಪಾಲುಗೊಳ್ಳುವುದಿಲ್ಲ. ದಾಖಲಿಸದ ವೀಕ್ಷಣೆಯಿಂದ ವಿಜ್ಞಾನಕ್ಕೆ ಪ್ರಯೋಜನವಿಲ್ಲ.