ಸೊಂಟದಲ್ಲಿ ಪಿಸ್ತೂಲ್, ಜೇಬಿನಲ್ಲಿ ಲೈಸೆನ್ಸ್

ಬೆಂಗಳೂರು ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯ ಸಾಲು. ನಿಂತವರು ಮಲೆನಾಡಿನ ಒಬ್ಬ ಕಾಫಿ ಬೆಳೆಗಾರರು ಎಂದುಕೊಳ್ಳಿ, ಮಗಳನ್ನು ನೋಡಲು ದೆಹಲಿಗೆ ಹೊರಟಿದ್ದಾರೆ. ಎಕ್ಸ್‌ರೇ ಯಂತ್ರದೊಳಗೆ ಹೋದ ಕೈಚೀಲ ಹೊರಬರುವುದಿಲ್ಲ. ಸಿಬ್ಬಂದಿ ಪಕ್ಕದ ಜೇಬಿನ ಜಿಪ್ ಎಳೆಯುತ್ತಾರೆ. ಹಳೆಯ ರಸೀದಿ, ಖಾಲಿಯಾದ ಮಾತ್ರೆ ಹಾಳೆ, ಅವುಗಳ ಅಡಿಯಲ್ಲಿ ಹಿತ್ತಾಳೆಯ ಒಂದು ತೋಟ, ಅಂದರೆ ಕಾಡತೂಸು. .32 ಬೋರಿನದು, ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಪಿಸ್ತೂಲು ಊರಿನ ಬೀರುವಿನಲ್ಲಿದೆ, ಲೈಸೆನ್ಸ್ ಸರಿಯಾಗಿದೆ. ಆದರೂ ಅಂದಿನ ವಿಮಾನ ತಪ್ಪಿತು. ಠಾಣೆ, ಹೇಳಿಕೆ, ವಕೀಲರು ಶುರುವಾದವು.

ಇಂಥ ಪ್ರಕರಣಗಳು ಹೈಕೋರ್ಟ್‌ಗಳ ಮುಂದೆ ಮತ್ತೆ ಮತ್ತೆ ಬಂದಿವೆ. ಆಯುಧ ತನ್ನ ಬಳಿ ಇದೆ ಎಂಬ ಅರಿವೇ ಇಲ್ಲದಿದ್ದರೆ ಅದು ಅಪರಾಧದ ಸ್ವಾಧೀನವಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲೇ ಹೇಳಿದೆ. ಅದರ ಆಧಾರದಲ್ಲಿ ಎಷ್ಟೋ ಎಫ್‌ಐಆರ್‌ಗಳು ರದ್ದಾಗಿವೆ. ಆದರೆ ರದ್ದಾಗುವವರೆಗೆ ಅಲೆಯಬೇಕಾದವರು ಚೀಲದ ಮಾಲೀಕರೇ. ಲೈಸೆನ್ಸ್ ಇದ್ದವರು ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುವುದು ಬಹುಪಾಲು ಗುಂಡು ಹಾರಿಸಿ ಅಲ್ಲ. ಮರೆತು, ಎರವಲು ಕೊಟ್ಟು, ತೋರಿಸಿಕೊಂಡು, ನವೀಕರಣ ತಪ್ಪಿಸಿ.

ಹಕ್ಕಲ್ಲ, ಅನುಮತಿ

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿಯಂತೆ ನಮ್ಮಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ. 2023ರ ಫೆಬ್ರವರಿಯಲ್ಲಿ ಲೈಸೆನ್ಸ್ ಇಲ್ಲದ ಬಂದೂಕಿನ ಪ್ರಕರಣವೊಂದರಲ್ಲಿ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಸುಪ್ರೀಂ ಕೋರ್ಟ್ ಪೀಠ ಈ ವ್ಯತ್ಯಾಸವನ್ನೇ ಎತ್ತಿ ಹೇಳಿತು. ಇಲ್ಲಿ ನಡೆಯುವುದು 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ಶಸ್ತ್ರಾಸ್ತ್ರ ನಿಯಮಗಳು ಮತ್ತು 2019ರ ತಿದ್ದುಪಡಿ. ಕಾಯ್ದೆಯ 3ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ.

ಹಾಗೆಂದು ಲೈಸೆನ್ಸ್ ಅಧಿಕಾರಿಯ ಮರ್ಜಿಯೂ ಅಲ್ಲ. ಅರ್ಜಿ ಹಾಕುವುದು, ಕಾಲಮಿತಿಯಲ್ಲಿ ತೀರ್ಮಾನ ಪಡೆಯುವುದು, ನಿರಾಕರಿಸಿದರೆ ಕಾರಣ ಕೇಳುವುದು, ಮೇಲ್ಮನವಿ ಹೋಗುವುದು ನಿಮ್ಮ ಹಕ್ಕುಗಳೇ.

ಗದ್ದೆ ಕಾಯುವ ಕೋವಿ ಬೇರೆ, ಪಿಸ್ತೂಲ್ ಬೇರೆ

"ಪಕ್ಕದ ಮನೆಯವರಿಗೆ ಬೇಗ ಸಿಕ್ಕಿತು, ನನಗೇಕೆ ಇಲ್ಲ?" ಎಂಬ ಪ್ರಶ್ನೆಗೆ ಉತ್ತರ 13ನೇ ಕಲಮಿನಲ್ಲಿದೆ. ಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಕೇಳುವ ನಳಿಗೆ ತುಂಬುವ ಕೋವಿಗೂ, ರಕ್ಷಣೆಗೆ ಕೇಳುವ 20 ಇಂಚಿಗೆ ಕಡಿಮೆಯಿಲ್ಲದ ನಯ ನಳಿಗೆಯ ಕೋವಿಗೂ ಕಾನೂನು ಸ್ವಲ್ಪ ಉದಾರ. ಪಿಸ್ತೂಲು, ರಿವಾಲ್ವರ್‌ಗಳು ಆ ಸಾಲಿಗೆ ಸೇರುವುದಿಲ್ಲ. ಅವಕ್ಕೆ ಅರ್ಜಿದಾರರಲ್ಲಿ ಸಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಜೀವಕ್ಕೆ ಗಂಭೀರ ಬೆದರಿಕೆ, ಅಪಾಯವಿರುವ ವೃತ್ತಿ ಅಥವಾ ವ್ಯಾಪಾರ, ಸೇನೆ ಮತ್ತು ಪೊಲೀಸ್ ಸೇವೆಯ ಹಿನ್ನೆಲೆ ಇಂಥವನ್ನು ನಿಯಮಗಳು ಗಣನೆಗೆ ತೆಗೆದುಕೊಳ್ಳುತ್ತವೆ. ಆದ್ದರಿಂದ ಅರ್ಜಿಯಲ್ಲಿ "ಆತ್ಮರಕ್ಷಣೆಗಾಗಿ" ಎಂಬ ಒಂದೇ ಪದ ಸಾಲದು. ಬೆದರಿಕೆ ಬಂದಿದ್ದರೆ ಠಾಣೆಗೆ ಕೊಟ್ಟ ದೂರಿನ ಪ್ರತಿ, ನಗದು ಸಾಗಿಸುವ ವ್ಯವಹಾರವಿದ್ದರೆ ಅದರ ದಾಖಲೆ ಲಗತ್ತಿಸಿ.

ಲೈಸೆನ್ಸಿನಿಂದ ಕೊಡಗಿನವರಿಗಿರುವ ವಿನಾಯಿತಿಯ ಮಾತು ಇಲ್ಲಿ ಬರಲೇಬೇಕು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಈ ರಿಯಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ; ರಾಜ್ಯ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಕೈಲ್‌ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜಿಸುವ ಉದ್ದ ನಳಿಗೆಯ ಕೋವಿಯ ಪರಂಪರೆಗೆ ಸಂಬಂಧಿಸಿದ್ದು. ಅದನ್ನು ನೆಚ್ಚಿಕೊಂಡು ಪಿಸ್ತೂಲು ಕೊಳ್ಳಲು ಹೊರಡಬೇಡಿ.

ಬೋರ್ ಕೂಡ ಮುಖ್ಯ. 9 ಎಂಎಂ ಪಿಸ್ತೂಲು, .38 ರಿವಾಲ್ವರ್ ನಿಷೇಧಿತ ಬೋರಿನವು. ಅವುಗಳ ಲೈಸೆನ್ಸ್ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ, ಸಾಮಾನ್ಯರಿಗೆ ದಕ್ಕುವುದು ಅಪರೂಪ. ಜನರ ಬಳಿ ಕಾಣುವ .32 ಪಿಸ್ತೂಲು, ರಿವಾಲ್ವರ್‌ಗಳು ನಿಷೇಧಿತವಲ್ಲದ ಬೋರಿನವು.

ಅರ್ಜಿಯ ದಾರಿ

ಜಿಲ್ಲೆಗಳಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಂಥ ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಆಯುಕ್ತರು. ವ್ಯಕ್ತಿಗಳು ಸಲ್ಲಿಸಬೇಕಾದ್ದು ನಮೂನೆ ಎ-1. ವಯಸ್ಸು 21 ತುಂಬಿರಬೇಕು. ಅರ್ಜಿಯ ಜೊತೆ ಇಷ್ಟು ಸಿದ್ಧವಿರಲಿ:

• ಗುರುತು, ವಿಳಾಸ, ಜನ್ಮದಿನಾಂಕದ ದಾಖಲೆ ಮತ್ತು ಭಾವಚಿತ್ರಗಳು
• ದೈಹಿಕ ಹಾಗೂ ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ
• ಆಯುಧ ಸುರಕ್ಷತಾ ತರಬೇತಿ ಮುಗಿಸಿದ ಪ್ರಮಾಣಪತ್ರ
• ಆಯುಧವನ್ನು ಸುರಕ್ಷಿತವಾಗಿ ಇಡುವ, ಬಳಸುವ ಬಗ್ಗೆ ಮುಚ್ಚಳಿಕೆ
• ಏಕೆ ಬೇಕು ಎಂಬುದಕ್ಕೆ ಆಧಾರಗಳು

ಅರ್ಜಿ ಠಾಣೆಗೆ ಹೋಗುತ್ತದೆ. ಪೊಲೀಸರು ಮನೆಗೆ ಬಂದು, ಅಕ್ಕಪಕ್ಕದವರನ್ನು ಕೇಳಿ, ಹಳೆಯ ಪ್ರಕರಣಗಳಿವೆಯೇ ಎಂದು ನೋಡಿ 30 ದಿನದೊಳಗೆ ವರದಿ ಕೊಡಬೇಕು. ವರದಿ ಬಂದ 60 ದಿನದೊಳಗೆ ಲೈಸೆನ್ಸ್ ಪ್ರಾಧಿಕಾರ ತೀರ್ಮಾನಿಸಬೇಕು ಎನ್ನುತ್ತವೆ 2016ರ ನಿಯಮಗಳು. ಕಡತ ಹಾಗೇ ಬಿದ್ದಿದ್ದರೆ ಲಿಖಿತ ಜ್ಞಾಪನೆ ಕೊಡಿ, ಸ್ವೀಕೃತಿ ಪಡೆಯಿರಿ, ಬೇಕಾದರೆ ಮಾಹಿತಿ ಹಕ್ಕಿನಡಿ ಕಡತದ ಸ್ಥಿತಿ ಕೇಳಿ. ಹಿಂದಿನ ಪ್ರಕರಣವೊಂದನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ, ಸಿಕ್ಕ ಲೈಸೆನ್ಸ್ ಕೂಡ ಆ ಒಂದೇ ಕಾರಣಕ್ಕೆ ರದ್ದಾಗಬಹುದು.

2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಕ್ರೀಡಾ ಶೂಟರ್‌ಗಳಿಗೆ ವಿನಾಯಿತಿಯಿದೆ. ಪ್ರತಿ ಲೈಸೆನ್ಸಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಯುಐಎನ್, ಇರಲೇಬೇಕು. ಅಜ್ಜನ ಕಾಲದ ಕೈಬರಹದ ಪುಸ್ತಕವನ್ನೇ ಇಟ್ಟುಕೊಂಡವರು ಇದನ್ನು ಇಂದೇ ನೋಡಿಕೊಳ್ಳಿ.

ನಿರಾಕರಿಸಿದರೆ

ಆಸ್ತಿಪಾಸ್ತಿ ಇಲ್ಲ ಎಂಬ ಕಾರಣವೊಂದರಿಂದಲೇ ಅರ್ಜಿ ತಿರಸ್ಕರಿಸುವಂತಿಲ್ಲ. 14ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕೂಲಿಯವರೂ ಶ್ರೀಮಂತರಷ್ಟೇ ಅರ್ಹರು. ನಿರಾಕರಣೆಯ ಕಾರಣಗಳನ್ನು ಅಧಿಕಾರಿ ಲಿಖಿತವಾಗಿ ದಾಖಲಿಸಬೇಕು, ಕೇಳಿದರೆ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಎನ್ನಿಸಿದಾಗ ಮಾತ್ರ ತಡೆಹಿಡಿಯಬಹುದು. 18ನೇ ಕಲಮಿನಡಿ ಮೇಲ್ಮನವಿಗೆ 30 ದಿನಗಳ ಅವಕಾಶವಿದೆ. ಅಲ್ಲೂ ಸೋತರೆ ಹೈಕೋರ್ಟಿನ ರಿಟ್. "ಪೊಲೀಸ್ ವರದಿ ಪೂರಕವಾಗಿಲ್ಲ" ಎಂಬ ಒಂದೇ ಸಾಲಿನ ಆದೇಶ ಬಂದರೆ ಆ ವರದಿಯಲ್ಲಿ ಏನಿದೆ ಎಂದು ಮೊದಲು ತಿಳಿದುಕೊಳ್ಳಿ. ಮೇಲ್ಮನವಿಯ ಜೀವ ಅದರಲ್ಲೇ ಇರುತ್ತದೆ.

ಒಯ್ಯುವಾಗ

ಲೈಸೆನ್ಸ್ ಬಂದ ದಿನ ಅದನ್ನು ಬೀರುವಿಗೆ ಸೇರಿಸುವ ಮುಂಚೆ ಒಂದು ಸಲ ಪೂರ್ತಿ ಓದಿ. ಯಾವ ಪ್ರದೇಶಕ್ಕೆ ಊರ್ಜಿತ, ಎಷ್ಟು ತೋಟ ಕೊಳ್ಳಬಹುದು, ಯಾವ ದಿನ ಮುಗಿಯುತ್ತದೆ ಎಂಬುದೆಲ್ಲ ಅದರಲ್ಲೇ ಇದೆ. ಕರ್ನಾಟಕಕ್ಕೆ ಮಾತ್ರ ಊರ್ಜಿತವಾದ ಲೈಸೆನ್ಸ್ ಹಿಡಿದು ಹೊಸೂರಿನ ಗಡಿ ದಾಟಿದರೆ, ಅತ್ತ ಕಡೆ ಅದಕ್ಕೆ ಬಲವಿಲ್ಲ.

ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಅದಕ್ಕೆಂದೇ ಮಾಡಿದ ಹೋಲ್‌ಸ್ಟರಿನಲ್ಲಿ ಅಥವಾ ಅಂಥದ್ದೇ ಚೀಲದಲ್ಲಿ, ಪೂರ್ತಿ ಮುಚ್ಚಿಕೊಂಡು, ನಿಮ್ಮ ಹತೋಟಿಯಲ್ಲಿ ಇರಬೇಕು. ಹೋಟೆಲಿನ ಮೇಜಿನ ಮೇಲಿಡುವುದು, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟುಹೋಗುವುದು, ಜಗಳದಲ್ಲಿ ಅಂಗಿ ಸರಿಸಿ "ನೋಡು" ಎನ್ನುವುದು, ಹುಟ್ಟುಹಬ್ಬಕ್ಕೆ ಹಿಡಿದು ರೀಲ್ಸ್ ಮಾಡುವುದು ಎಲ್ಲವೂ ಲೈಸೆನ್ಸಿಗೆ ಕುತ್ತು. ಮದುವೆ ದಿಬ್ಬಣದಲ್ಲಿ, ಜಾತ್ರೆಯಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಯಾರಿಗೂ ಗಾಯವಾಗದಿದ್ದರೂ ಅಪರಾಧ ಅಪರಾಧವೇ.

ಪೊಲೀಸರು ತಡೆದು ಲೈಸೆನ್ಸ್ ಕೇಳಿದರೆ ತೋರಿಸಬೇಕು. ಅದು 19ನೇ ಕಲಮು ಅವರಿಗೆ ಕೊಟ್ಟ ಅಧಿಕಾರ. ಕೈ ಸೊಂಟದ ಕಡೆ ಹೋಗದಿರಲಿ. "ಸಾರ್, ನನ್ನ ಹತ್ತಿರ ಲೈಸೆನ್ಸ್ ಇರುವ ಪಿಸ್ತೂಲ್ ಇದೆ, ಕಾಗದ ಈ ಜೇಬಿನಲ್ಲಿದೆ" ಎಂದು ಮೊದಲು ಬಾಯಲ್ಲಿ ಹೇಳಿ, ಆಮೇಲೆ ಕಾಗದ ತೆಗೆಯಿರಿ. ಕುಡಿಯುವ ಕಾರ್ಯಕ್ರಮವಿದ್ದರೆ ಆಯುಧ ಮನೆಯಲ್ಲೇ ಇರಲಿ. ವಿಮಾನದಲ್ಲಿ ಒಯ್ಯಬೇಕಿದ್ದರೆ ಚೆಕ್-ಇನ್ ಕೌಂಟರಿನಲ್ಲೇ ಹೇಳಿ, ಖಾಲಿ ಮಾಡಿ, ಬೀಗ ಹಾಕಿದ ಲಗೇಜಿನಲ್ಲಿ ಒಪ್ಪಿಸಬೇಕು. ತೋಟಗಳ ಸಂಖ್ಯೆಗೂ ಮಿತಿಯಿದೆ. ಕೈಚೀಲದಲ್ಲಿ ಒಂದು ತೋಟಕ್ಕೂ ಅವಕಾಶವಿಲ್ಲ.

ಮನೆಯೊಳಗೆ

ಲೈಸೆನ್ಸ್ ಇರುವುದು ಒಬ್ಬರ ಹೆಸರಿಗೆ, ಮನೆಗಲ್ಲ. ಯಜಮಾನರು ಊರಲ್ಲಿಲ್ಲದಾಗ ಮಗ ಪಿಸ್ತೂಲು ಸಿಕ್ಕಿಸಿಕೊಂಡು ಕಾಫಿ ತೋಟಕ್ಕೆ ಹೋದರೆ ಅದು ಲೈಸೆನ್ಸ್ ಇಲ್ಲದ ಸ್ವಾಧೀನ. ರಿಪೇರಿಗೋ ನವೀಕರಣಕ್ಕೋ ಬೇರೆಯವರ ಕೈಲಿ ಕಳಿಸಬೇಕಾದರೆ ಕಾಯ್ದೆ ಒಂದು ಸಣ್ಣ ಬಾಗಿಲು ತೆರೆದಿದೆ: ನಿಮ್ಮ ಲಿಖಿತ ಅಧಿಕಾರ ಪತ್ರ ಅವರ ಬಳಿ ಇರಬೇಕು. ಬಾಯಿಮಾತು ಸಾಲದು.

ಪಿಸ್ತೂಲು ಒಂದು ಬೀಗದಡಿ, ತೋಟಗಳು ಇನ್ನೊಂದು ಬೀಗದಡಿ ಇರಲಿ. ಬೀಗದ ಕೈ ದೇವರ ಗೂಡಿನಲ್ಲೋ ಸೀರೆಯ ಮಡಿಕೆಯಲ್ಲೋ ಇರುವ ಗುಟ್ಟು ಮನೆಯ ಮಕ್ಕಳಿಗೆ ಮೊದಲು ಗೊತ್ತಾಗುತ್ತದೆ ಎಂಬುದು ನೆನಪಿರಲಿ. ಒಳಗಿಡುವ ಮುಂಚೆ ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು, ನಳಿಗೆಯ ಬುಡ ಖಾಲಿಯಿದೆಯೇ ಎಂದು ಕಣ್ಣಿಂದ ನೋಡಿ. ಮ್ಯಾಗಜೀನ್ ತೆಗೆದರೂ ಒಳಗೆ ಒಂದು ತೋಟ ಉಳಿದಿರಬಹುದು. ಕಳುವಾದರೆ ತಕ್ಷಣ ಹತ್ತಿರದ ಠಾಣೆಗೆ ಲಿಖಿತ ದೂರು ಕೊಟ್ಟು, ಲೈಸೆನ್ಸ್ ಪ್ರಾಧಿಕಾರಕ್ಕೂ ತಿಳಿಸಿ. ನಾಳೆ ಅದು ಯಾವ ಕೈಯಲ್ಲಿ ಸಿಡಿದರೂ ಮೊದಲ ಪ್ರಶ್ನೆ ನಿಮಗೇ ಬರುತ್ತದೆ.

ಗುಂಡು ಹಾರಿಸುವ ಗಳಿಗೆ

ಲೈಸೆನ್ಸ್ ಪಿಸ್ತೂಲನ್ನು ಒಯ್ಯಲು ಬಿಡುತ್ತದೆ. ಯಾವಾಗ ಹಾರಿಸಬಹುದು ಎಂಬುದನ್ನು ಹೇಳುವುದು ಭಾರತೀಯ ನ್ಯಾಯ ಸಂಹಿತೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆ ಇವೆ. ಸಾವು ಅಥವಾ ತೀವ್ರ ಗಾಯದ ಸಕಾರಣ ಭಯ, ಅತ್ಯಾಚಾರ, ಅಪಹರಣದಂಥ ಹಲ್ಲೆಗಳೆದುರು ಆಕ್ರಮಣಕಾರನ ಪ್ರಾಣ ಹೋದರೂ ರಕ್ಷಣೆಯಿದೆ. ಆಸ್ತಿಯ ವಿಷಯದಲ್ಲಿ ದರೋಡೆ, ರಾತ್ರಿ ಹೊತ್ತಿನ ಮನೆ ಒಡೆಯುವಿಕೆ, ವಾಸದ ಮನೆಗೆ ಬೆಂಕಿ ಹಚ್ಚುವಂಥ ಸಂದರ್ಭಗಳಿಗೆ ಮಾತ್ರ ಆ ಮಟ್ಟದ ಹಕ್ಕು. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕಿಲ್ಲ. ಅಗತ್ಯ ಮೀರಿದ ಹಾನಿಗೂ ಇಲ್ಲ. ಅಡಿಕೆ ಕದ್ದು ಬೇಲಿ ಹಾರಿ ಓಡುತ್ತಿರುವವನ ಬೆನ್ನಿಗೆ ಗುಂಡು ಹೊಡೆದವರು ನ್ಯಾಯಾಲಯದಲ್ಲಿ ರಕ್ಷಣೆಯ ಮಾತಾಡುವುದು ಕಷ್ಟ.

ಚುನಾವಣೆ ಬಂದಾಗ, ಯಜಮಾನರು ಹೋದಾಗ

ಚುನಾವಣೆ ಘೋಷಣೆಯಾದೊಡನೆ ಆಯುಧ ಠೇವಣಿ ಇಡಲು ನೋಟಿಸ್ ಬರುತ್ತದೆ. ಯಾರು ಇಡಬೇಕೆಂದು ನಿರ್ಧರಿಸಲು ಜಿಲ್ಲಾ ಮಟ್ಟದಲ್ಲಿ ಪರಿಶೀಲನಾ ಸಮಿತಿಯಿರುತ್ತದೆ. ಬ್ಯಾಂಕ್ ಕಾವಲುಗಾರರೂ ನಿಜವಾದ ಬೆದರಿಕೆ ಇರುವವರೂ ಕಾರಣ ಬರೆದು ವಿನಾಯಿತಿ ಕೇಳಬಹುದು. ಠೇವಣಿಯಿಡುವಾಗ ಆಯುಧದ ಸಂಖ್ಯೆ, ತೋಟಗಳ ಲೆಕ್ಕ ಬರೆದ ರಸೀದಿ ಪಡೆಯಿರಿ. ಫಲಿತಾಂಶದ ನಂತರ ಹೋಗಿ ಬಿಡಿಸಿಕೊಳ್ಳುವುದನ್ನು ಮರೆಯಬೇಡಿ.

ಲೈಸೆನ್ಸುದಾರರು ತೀರಿಕೊಂಡಾಗ ಹೆಚ್ಚಿನ ಮನೆಗಳಲ್ಲಿ ತಪ್ಪು ನಡೆಯುತ್ತದೆ. ವೈಕುಂಠ ಸಮಾರಾಧನೆ ಮುಗಿದು ವರ್ಷ ಕಳೆದರೂ ಪಿಸ್ತೂಲು ಅಪ್ಪನ ನೆನಪಾಗಿ ಬೀರುವಿನಲ್ಲೇ ಇರುತ್ತದೆ. ಆದರೆ ಯಜಮಾನರ ಜೊತೆಗೇ ಲೈಸೆನ್ಸಿನ ಆಸರೆಯೂ ಹೋಯಿತು. 21ನೇ ಕಲಮಿನ ಪ್ರಕಾರ ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಪಡೆದ ವ್ಯಾಪಾರಿಯ ಬಳಿಯೋ ಠೇವಣಿಯಿಟ್ಟು, ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಇನ್ನೂ ಒಳ್ಳೆಯ ದಾರಿಯೊಂದಿದೆ: ಲೈಸೆನ್ಸುದಾರರಿಗೆ 70 ವರ್ಷ ತುಂಬಿದಾಗ ಅಥವಾ ಆಯುಧ ಹೊಂದಿ 25 ವರ್ಷವಾದಾಗ, ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ನಿಯಮಗಳಲ್ಲಿ ಅವಕಾಶವಿದೆ.

ನವೀಕರಣದ ಅರ್ಜಿ ಅವಧಿ ಮುಗಿಯುವ ಕನಿಷ್ಠ 60 ದಿನ ಮುಂಚೆ ಹೋಗಬೇಕು. ಸ್ವೀಕೃತಿಯನ್ನು ಲೈಸೆನ್ಸಿನ ಜೊತೆಗೇ ಇಟ್ಟುಕೊಳ್ಳಿ. ಅವಧಿ ಮೀರಿದ ಲೈಸೆನ್ಸಿನೊಂದಿಗೆ ಸಿಕ್ಕಿಬಿದ್ದರೆ ಅನಧಿಕೃತ ಸ್ವಾಧೀನದ ಆರೋಪ ಬರಬಹುದು. ಅದಕ್ಕೆ ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸ. ಲೈಸೆನ್ಸಿನ ಷರತ್ತು ಮುರಿದರೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಜೊತೆಗೆ ಲೈಸೆನ್ಸ್ ಅಮಾನತು, ರದ್ದತಿ.

ಮತ್ತೆ ಆ ಬೆಳೆಗಾರರ ಚೀಲಕ್ಕೆ ಬರೋಣ. ಅವರಿಗೆ ಬೇಕಿದ್ದದ್ದು ದೊಡ್ಡ ವಕೀಲರಲ್ಲ, ಹೊರಡುವ ಹಿಂದಿನ ರಾತ್ರಿಯ ಎರಡು ನಿಮಿಷ. ಚೀಲವನ್ನು ಮಂಚದ ಮೇಲೆ ಬೋರಲು ಹಾಕಿ, ಪ್ರತಿ ಜೇಬಿಗೂ ಬೆರಳಾಡಿಸಿ, ಬೀರುವಿನಲ್ಲಿರುವ ತೋಟಗಳನ್ನು ಎಣಿಸಿ ಪುಸ್ತಕದ ಲೆಕ್ಕಕ್ಕೆ ತಾಳೆ ನೋಡಿದ್ದರೆ ಒಂದು ಕಡಿಮೆ ಬಂದಿರುತ್ತಿತ್ತು. ಆ ಒಂದನ್ನು ಹುಡುಕಿ ಬೀಗ ಹಾಕಿ, ಅವರು ನಿಶ್ಚಿಂತೆಯಿಂದ ದೆಹಲಿಯ ವಿಮಾನ ಹತ್ತುತ್ತಿದ್ದರು.