ಪಾಠ 14: ನಮ್ಮ ಮಾತು, ನಮ್ಮ ಮತ

ಸಂಜೆ ಏಳು ಗಂಟೆ. ಅಡುಗೆ ಆಯಿತು. ಮಕ್ಕಳು ಉಂಡರು. ಹೆಂಗಸರು ಒಬ್ಬೊಬ್ಬರಾಗಿ ಶಾಲೆಯ ಜಗುಲಿಗೆ ಬಂದರು. ಕೈಯಲ್ಲಿ ಸ್ಲೇಟು, ಬಳಪ. ಕೆಲವರ ಕಂಕುಳಲ್ಲಿ ಮಗು.

ಟೀಚರಮ್ಮ ಕೇಳಿದರು: "ಇವತ್ತು ರಾಜಕೀಯದ ಬಗ್ಗೆ ಮಾತಾಡೋಣವಾ?"

ಎಲ್ಲರೂ ನಕ್ಕರು.

"ಅಯ್ಯೋ, ಅದು ನಮಗ್ಯಾಕೆ ಟೀಚರಮ್ಮ? ಅದು ಗಂಡಸರ ಮಾತು. ಅರಳಿಕಟ್ಟೆ ಮೇಲೆ ಕೂತು ಆಡ್ಕೊಳ್ಳಲಿ ಬಿಡಿ" ಎಂದರು ಡೇರಿಗೆ ಹಾಲು ಹಾಕುವ ಅಕ್ಕ.

"ಸರಿ, ಬೇಡ ಬಿಡಿ. ಇವತ್ತು ನಲ್ಲಿ ಹತ್ತಿರ ಏನು ಮಾತಾಡಿದಿರಿ? ಅದನ್ನಾದರೂ ಹೇಳಿ."

ಈಗ ಎಲ್ಲರ ಬಾಯಿಯೂ ತೆರೆಯಿತು.

"ರಾತ್ರಿ ಎರಡು ಗಂಟೆಗೆ ನೀರು ಬಿಡ್ತಾರೆ. ಕಣ್ಣಿಗೆ ನಿದ್ದೆ ಇಲ್ಲ."

"ನನ್ನ ಮಗಳು ನೀರು ಹಿಡಿದು ಸಾಕಾಗ್ತಾಳೆ. ವಾರದಲ್ಲಿ ಎರಡು ದಿನ ಶಾಲೆ ತಪ್ಪುತ್ತೆ."

"ಬೀದಿ ದೀಪ ಕೆಟ್ಟು ಮೂರು ತಿಂಗಳಾಯ್ತು. ಕತ್ತಲಲ್ಲಿ ಕೊಡ ಹೊತ್ತು ಬರೋಕೆ ಭಯ."

"ರೇಷನ್ ಅಕ್ಕಿ ತೂಕ ಕಡಿಮೆ ಬರುತ್ತೆ."

"ಚಿಲ್ಲರೆ ಅಂಗಡಿಯಲ್ಲೂ ಹೆಂಡದ ಪಾಕೀಟು ಮಾರ್ತಾರೆ. ಕೂಲಿ ದುಡ್ಡು ಮನೆಗೆ ಬರೋದೇ ಇಲ್ಲ."

ಟೀಚರಮ್ಮ ಹಲಗೆಯ ಮೇಲೆ ನಾಲ್ಕು ಪದ ಬರೆದರು.

ನೀರು. ದೀಪ. ಅಕ್ಕಿ. ಹೆಂಡ.

ಎಲ್ಲರೂ ಕೂಡಿಸಿ ಓದಿದರು.

"ಇದೇ ರಾಜಕೀಯ. ನೀವು ದಿನವೂ ಆಡ್ತಾ ಇದ್ದೀರಿ. ಆದರೆ ನಲ್ಲಿ ಹತ್ತಿರ ಆಡಿದ ಮಾತು ನಲ್ಲಿ ಹತ್ತಿರವೇ ಉಳಿದಿದೆ" ಎಂದರು ಟೀಚರಮ್ಮ.

ಯಾರ ಕೆಲಸ ಯಾವುದು?

ಕುಡಿಯುವ ನೀರು, ಬೀದಿ ದೀಪ, ಚರಂಡಿ, ಇವು ಗ್ರಾಮ ಪಂಚಾಯಿತಿಯ ಕೆಲಸ. ರೇಷನ್ ಅಂಗಡಿ ನೋಡಿಕೊಳ್ಳುವುದು ಆಹಾರ ಇಲಾಖೆ. ಕಳ್ಳತನದಲ್ಲಿ ಹೆಂಡ ಮಾರಿದರೆ ಅಬಕಾರಿ ಇಲಾಖೆಗೂ ಪೊಲೀಸರಿಗೂ ದೂರು ಕೊಡಬಹುದು. ಯಾರ ಕೆಲಸ ಎಂದು ತಿಳಿದರೆ ಯಾರನ್ನು ಕೇಳಬೇಕು ಎಂದೂ ತಿಳಿಯುತ್ತದೆ.

ನೀರಿನ ವಿಷಯವನ್ನೇ ನೋಡಿ. 1980ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಅಬ್ದುಲ್ ನಜೀರ್ ಸಾಬ್ ಎಂಬ ಮಂತ್ರಿ ಇದ್ದರು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದರು. ಜನ ಅವರನ್ನು ಪ್ರೀತಿಯಿಂದ 'ನೀರ್ ಸಾಬ್' ಎಂದು ಕರೆದರು. ಪಂಚಾಯಿತಿಗೆ ಅಧಿಕಾರ ಬರಬೇಕು ಎಂದು ದುಡಿದವರೂ ಅವರೇ. ನೀರು ಬೇರೆ, ರಾಜಕೀಯ ಬೇರೆ ಅಲ್ಲ.

ಅಕ್ಷರ ಕಲಿತವರು ಏನು ಮಾಡಿದರು?

ಆಂಧ್ರ ಪ್ರದೇಶದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಎಂಬ ಹಳ್ಳಿ ಇದೆ. ಅಲ್ಲಿನ ಹೆಂಗಸರೂ ನಿಮ್ಮ ಹಾಗೆಯೇ ರಾತ್ರಿ ಅಕ್ಷರ ಕಲಿಯುತ್ತಿದ್ದರು. ಅವರ ಪುಸ್ತಕದಲ್ಲಿ ಕುಡಿತದಿಂದ ಹಾಳಾದ ಸಂಸಾರದ ಪಾಠ ಇತ್ತು. ಓದಿದರು. "ಇದು ನಮ್ಮ ಮನೆ ಕಥೆ" ಅನ್ನಿಸಿತು. ಎಲ್ಲರೂ ಸೇರಿ ಊರಿನಲ್ಲಿ ಸಾರಾಯಿ ಮಾರಾಟ ನಿಲ್ಲಿಸಿದರು. 1992ರಲ್ಲಿ ಈ ಹೋರಾಟ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧ ಮಾಡಿತು. ನಮ್ಮ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು.

ಮತ ಯಾರದು?

ಅಜ್ಜಿ ಮೆಲ್ಲಗೆ ಹೇಳಿದರು: "ನಾನು ಇಲ್ಲಿ ತನಕ ಮನೆಯವರು ಹೇಳಿದ ಗುರುತಿಗೇ ಹಾಕಿದ್ದು."

ಟೀಚರಮ್ಮ ಹಳೆಯ ಸಂಗತಿಯೊಂದನ್ನು ಹೇಳಿದರು. ನಮ್ಮ ದೇಶದ ಮೊದಲ ಮಹಾ ಚುನಾವಣೆ ನಡೆದದ್ದು 1951-52ರಲ್ಲಿ. ಹೆಸರು ಬರೆದುಕೊಳ್ಳಲು ಮನೆ ಮನೆಗೆ ಬಂದಾಗ, ಉತ್ತರ ಭಾರತದ ಕಡೆ ಅನೇಕ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. "ಇಂಥವರ ಹೆಂಡತಿ", "ಇಂಥವರ ತಾಯಿ" ಎಂದು ಬರೆಸಿದರು. ಸ್ವಂತ ಹೆಸರಿಲ್ಲದೆ ಮತ ಕೊಡಲು ಆಗದು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು.

ಯಾರೂ ಮಾತಾಡಲಿಲ್ಲ. ಅಜ್ಜಿ ತಮ್ಮ ಸ್ಲೇಟು ನೋಡಿಕೊಂಡರು. ಅದರಲ್ಲಿ ಅವರ ಹೆಸರು ಇತ್ತು.

"ಮತ ಹಾಕುವಾಗ ರಟ್ಟಿನ ಮರೆ ಇರುತ್ತೆ. ಒಳಗೆ ನೀವೊಬ್ಬರೇ. ಯಾವ ಗುಂಡಿ ಒತ್ತಿದಿರಿ ಅಂತ ಗಂಡನಿಗೂ ಗೊತ್ತಾಗಲ್ಲ, ಗೌಡರಿಗೂ ಗೊತ್ತಾಗಲ್ಲ. ಸೀರೆ ಕೊಟ್ಟು, ದುಡ್ಡು ಕೊಟ್ಟು ಮತ ಕೇಳೋದು ತಪ್ಪು. ತಗೊಳ್ಳೋದೂ ತಪ್ಪು. ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಲ್ಲೇ ತಯಾರಾಗುತ್ತೆ. ಶಾಯಿ ಊರಿಗೆಲ್ಲ ಕಾಣುತ್ತೆ. ಮತ ಯಾರಿಗೂ ಕಾಣಲ್ಲ."

"ನಾನು ಒಂದು ಪಕ್ಷ, ನನ್ನ ಸೊಸೆ ಇನ್ನೊಂದು ಪಕ್ಷ ಆದರೆ?" ಎಂದರು ಹಾಲಿನ ಅಕ್ಕ.

"ಆಗಲಿ. ಒಲೆ ಒಂದೇ ಇರಲಿ, ಮತ ಎರಡಿರಲಿ."

ಸಭೆಗೆ ಹೋದೆವು

ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅಲ್ಲಿ ಮಾತಾಡಬಹುದು. ಹೆಂಗಸರು ಸೇರಿ ಒಂದು ಅರ್ಜಿ ಬರೆದರು. ಹಾಲಿನ ಅಕ್ಕನ ಸೊಸೆ ಬರೆದಳು, ಉಳಿದವರು ಹೇಳಿದರು.

ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ,
ನಮ್ಮ ಬೀದಿಗೆ ರಾತ್ರಿ ಎರಡು ಗಂಟೆಗೆ ನೀರು ಬರುತ್ತಿದೆ. ಹೆಣ್ಣು ಮಕ್ಕಳಿಗೆ ಶಾಲೆ ತಪ್ಪುತ್ತಿದೆ. ಬೆಳಿಗ್ಗೆ ಆರು ಗಂಟೆಗೆ ನೀರು ಬಿಡಿಸಿ. ಬೀದಿ ದೀಪ ಸರಿ ಮಾಡಿಸಿ.
ಇಂತಿ, ಕೆಳಗೆ ಸಹಿ ಮಾಡಿದವರು.

ಇಪ್ಪತ್ತೆರಡು ಸಹಿ. ಹೆಬ್ಬೆಟ್ಟು ಒಂದೂ ಇಲ್ಲ. ಅಜ್ಜಿಯ ಸಹಿಗೆ ಐದು ನಿಮಿಷ ಬೇಕಾಯಿತು. ಯಾರೂ ಅವಸರ ಮಾಡಲಿಲ್ಲ.

ಸಭೆಯಲ್ಲಿ ಒಬ್ಬರು "ಹೆಂಗಸರಿಗೆ ಇಲ್ಲೇನು ಕೆಲಸ?" ಎಂದರು.

ಹಾಲಿನ ಅಕ್ಕ ಎದ್ದು ನಿಂತರು. ಕೈ ನಡುಗುತ್ತಿತ್ತು. "ನೀರು ಹೊರೋರು ನಾವು. ಅದರ ಹೊತ್ತು ಹೇಳೋರೂ ನಾವೇ ಆಗಬೇಕು" ಎಂದರು.

ನೀರಗಂಟಿ ಹೇಳಿದ: "ಏನು ಮಾಡ್ಲಿ ಅಕ್ಕಾ? ಕರೆಂಟು ರಾತ್ರಿ ಬರುತ್ತೆ. ಮೋಟರು ಆಗಲೇ ಓಡಬೇಕು."

"ರಾತ್ರಿ ಟ್ಯಾಂಕ್ ತುಂಬಿಸಪ್ಪ. ಬೆಳಗ್ಗೆ ವಾಲ್ ತಿರುಗಿಸು. ಅಷ್ಟೇ ತಾನೆ?"

ಸಭೆ ಸುಮ್ಮನಾಯಿತು. ಅಧ್ಯಕ್ಷರು ಒಪ್ಪಿ ಪುಸ್ತಕದಲ್ಲಿ ಬರೆಸಿದರು. ಮುಂದಿನ ವಾರದಿಂದ ಆರು ಗಂಟೆಗೆ ನೀರು ಬಂತು. ಬೀದಿ ದೀಪ ಇನ್ನೂ ಆಗಿಲ್ಲ. ಮುಂದಿನ ಸಭೆಗೆ ಮತ್ತೆ ಹೋಗುತ್ತಾರೆ.

ಪಂಚಾಯಿತಿಯಲ್ಲಿ ಹೆಂಗಸರಿಗೆ 1993ರ ಕಾನೂನು ಮೂರರಲ್ಲಿ ಒಂದು ಪಾಲು ಕೊಟ್ಟಿತು. 2010ರಲ್ಲಿ ನಮ್ಮ ರಾಜ್ಯದಲ್ಲಿ ಅದು ಅರ್ಧ ಪಾಲಾಯಿತು. ಹತ್ತು ಸದಸ್ಯರಿದ್ದರೆ ಐವರು ಹೆಂಗಸರು. ಆ ಐವರಲ್ಲಿ ನೀವೂ ಒಬ್ಬರಾಗಬಹುದು.

ಓದಿ, ಬರೆಯಿರಿ
ಮತ, ಹೆಸರು, ಸಹಿ, ಅರ್ಜಿ, ಗ್ರಾಮಸಭೆ

ಉತ್ತರ ಹೇಳಿ
1. ಬೀದಿ ದೀಪ ಯಾರ ಕೆಲಸ?
2. ಮೊದಲ ಚುನಾವಣೆಯಲ್ಲಿ 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದದ್ದು ಯಾಕೆ?
3. ನೀರಗಂಟಿಗೆ ಹೆಂಗಸರು ಹೇಳಿದ ದಾರಿ ಯಾವುದು?

ಕೂತು ಮಾತಾಡಿ
ಇವತ್ತು ನಲ್ಲಿ ಹತ್ತಿರ ನೀವು ಏನು ಮಾತಾಡಿದಿರಿ? ಅದು ಯಾರ ಕೆಲಸ? ಎರಡು ಸಾಲು ಬರೆಯಿರಿ. ಕೆಳಗೆ ನಿಮ್ಮ ಸ್ವಂತ ಹೆಸರು ಬರೆಯಿರಿ.