ಕಾರಿನ ಬಾಗಿಲಿಗೆ ಹೊಸ ಬಟ್ಟೆ

ನಾವು ಹೊಲಿಗೆ ಕಲಿತವರು. ರವಿಕೆ, ಲಂಗ ಹೊಲೀತೀವಿ. ಒಂದು ದಿನ ಬಾಡಿಗೆ ಕಾರಿನ ಡ್ರೈವರು ಬಂದರು. "ಅಕ್ಕಾ, ಬಾಗಿಲ ಒಳಗಿನ ಬಟ್ಟೆ ಕಿತ್ತು ಬಂದಿದೆ. ಅಂಟಿಸಿ ಕೊಡ್ತೀರಾ?" ಅಂದರು.

ಬಟ್ಟೆ ಯಾಕೆ ಕಿತ್ತು ಬರುತ್ತೆ? ಕಾರು ಬಿಸಿಲಲ್ಲಿ ನಿಲ್ಲುತ್ತೆ. ಒಳಗೆಲ್ಲ ಕಾಯುತ್ತೆ. ಅಂಟು ಬಿಡುತ್ತೆ. ಬಟ್ಟೆಯ ಹಿಂದಿನ ತೆಳು ಸ್ಪಂಜು ಪುಡಿಯಾಗುತ್ತೆ.

ನಾವು ಆ ಪುಡಿಯ ಮೇಲೇ ಅಂಟು ಹಚ್ಚಿದೆವು. ಎಂಟೇ ದಿನಕ್ಕೆ ಬಟ್ಟೆ ಮತ್ತೆ ಜೋತುಬಿತ್ತು. ಕೂಲಿ ವಾಪಸು ಕೊಟ್ಟೆವು. ನಾಚಿಕೆಯೂ ಆಯ್ತು.

ಎರಡನೇ ಸಲ ಅವಸರ ಮಾಡಲಿಲ್ಲ. ಮೆಕ್ಯಾನಿಕ್ ಬಾಗಿಲ ಒಳಹಲಗೆ ಬಿಚ್ಚಿಕೊಟ್ಟರು. ಹಳೆ ಬಟ್ಟೆಯನ್ನೇ ಅಳತೆಗೆ ಇಟ್ಟುಕೊಂಡೆವು. ಸುತ್ತಲೂ 1 ಅಂಗುಲ ಹೆಚ್ಚು ಬಿಟ್ಟು ಹೊಸದನ್ನು ಕತ್ತರಿಸಿದೆವು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪುಡಿಯನ್ನೆಲ್ಲ ಬ್ರಷ್ಷಿನಿಂದ ಉಜ್ಜಿ ತೆಗೆದೆವು.

ಅಂಗಡಿಯಲ್ಲಿ ಬಿಸಿ ತಾಳುವ ಅಂಟು ಕೇಳಿ ತಂದೆವು. ಹಲಗೆಗೂ ಹಚ್ಚಬೇಕು, ಬಟ್ಟೆಗೂ ಹಚ್ಚಬೇಕು. ಆಮೇಲೆ 10-15 ನಿಮಿಷ ಸುಮ್ಮನಿರಬೇಕು. ಇದೇ ಕಷ್ಟ! ಮುಟ್ಟಿದರೆ ಬೆರಳಿಗೆ ಹತ್ತಬಾರದು. ಆಗ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಹೋಗಬೇಕು. ಹೆಚ್ಚಿನ ಅಂಚನ್ನು ಹಿಂದಕ್ಕೆ ಮಡಚಿ ಅಂಟಿಸಬೇಕು.

ಈ ಅಂಟಿಗೆ ಬೇಗ ಬೆಂಕಿ ಹತ್ತುತ್ತೆ. ಅದರ ವಾಸನೆಗೆ ತಲೆ ಸುತ್ತುತ್ತೆ. ಅದಕ್ಕೇ ನಾವು ಅಂಗಳದಲ್ಲಿ ಕೂತೆವು. ಒಲೆ, ಬೀಡಿ ದೂರ. ಮಕ್ಕಳೂ ದೂರ.

ಆ ಬಾಗಿಲು ಒಂದು ಬೇಸಿಗೆ ಕಳೆಯಿತು. ಬಟ್ಟೆ ಅಲ್ಲಾಡಲಿಲ್ಲ. ಮೊನ್ನೆ ಡ್ರೈವರು ಮತ್ತೆ ಬಂದರು. "ಅಕ್ಕಾ, ಹಿಂದಿನ ಬಾಗಿಲೂ ಬಿಡ್ತಾ ಇದೆ" ಅಂದರು.